ಬದುಕಿರುವವಳ ಪಟ

ನಮ್ಮ ಕಡೆ ಒಂಟಿ ಮುಖವೊಂದು ದೊಡ್ಡದಾಗಿ ಗೋಡೆಗೆ ಏರಬೇಕಾದರೆ ಅದು ದೇವರದ್ದಾಗಿರಬೇಕು, ಪುಢಾರಿಯದ್ದಾಗಿರಬೇಕು, ಇಲ್ಲ ಸತ್ತವರದ್ದಾಗಿರಬೇಕು. ಮದುವೆಯ ಜೋಡಿ ಫೋಟೊಗಳ ಮಾತು ಬೇರೆ. ಹನೂರಿನಲ್ಲಿ ಹುಟ್ಟಿದ ಯಾವ ಮಗುವಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಒಂದು ಬೆಳಿಗ್ಗೆ, ಬದುಕಿರುವ ನನ್ನ ಅವ್ವನ ಮುಖವನ್ನು ಕಪ್ಪು ಶಾಯಿಯಲ್ಲಿ ಅಚ್ಚು ತೆಗೆದು, ಮನೆಯ ಹೊರಗೋಡೆಗೆ ತೂಗುಹಾಕಿ, ಬಾಗಿಲಿಗೆ ಬೀಗ ಜಡಿದು ಕೊಳ್ಳೇಗಾಲದ ಬಸ್ಸು ಹತ್ತಿದೆ. ಆ ದಿನ ಆದದ್ದನ್ನು ನಮ್ಮ ನೆಂಟರು ಈಗಲೂ ಹೇಳಿಕೊಂಡು ನಗುತ್ತಾರೆ, ನಾನೂ ಅವರ ಜೊತೆ ನಗುತ್ತೇನೆ. ಆದರೆ ನನ್ನೊಳಗೆ ಆದದ್ದನ್ನು ಯಾರಿಗೂ ಹೇಳಿಲ್ಲ. ಅವ್ವನೊಬ್ಬಳಿಗೆ ಗೊತ್ತಾಯಿತು, ಅದೂ ನಾನು ಬಾಯಿ ಬಿಡದೆ.

ನಾನು ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ನಲವತ್ತೇಳು ವಯಸ್ಸು, ಮದುವೆಯಾಗಿಲ್ಲ. ನಾನು ಮನಸ್ಸಿಟ್ಟು ಕಲಿತದ್ದು ಮರದ ಹಲಗೆ ಕೆತ್ತಿ, ಅದಕ್ಕೆ ಶಾಯಿ ಬಳಿದು, ಕಾಗದದ ಮೇಲೆ ಅಚ್ಚು ತೆಗೆಯುವ ವಿದ್ಯೆ. ಸ್ಕೂಲಿನಲ್ಲಿ ಅದು ಯಾರಿಗೂ ಬೇಕಿಲ್ಲ. ಅಲ್ಲಿ ನನ್ನ ಕೆಲಸ ಸ್ವಾತಂತ್ರ್ಯ ದಿನದ ಬೋರ್ಡು ಬರೆಯುವುದು, ಬೇರೆ ಮಾಸ್ತರರು ರಜೆ ಹಾಕಿದರೆ ಅವರ ಕ್ಲಾಸಿನಲ್ಲಿ ಗಲಾಟೆಯಾಗದಂತೆ ನೋಡಿಕೊಳ್ಳುವುದು.

ನಾಲ್ಕು ವರ್ಷದ ಕೆಳಗೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಒಳಗೆ ರಾಡು ಹಾಕಿದರು. ಆಮೇಲಿಂದ ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ, ಅಷ್ಟೇ ಅವಳ ಓಡಾಟ. ವಾಕರಿಗೆ ಅವಳಿಟ್ಟ ಹೆಸರು ‘ಕಬ್ಬಿಣದ ಕತ್ತೆ’. ಒಂದು ಸಲ ನಾನಿಲ್ಲದಾಗ ಜಗಲಿಗೆ ಹೋಗುತ್ತೇನೆಂದು ಹೊರಟು ಹೊಸ್ತಿಲಲ್ಲಿ ಬಿದ್ದು ಮಧ್ಯಾಹ್ನದವರೆಗೂ ಅಲ್ಲೇ ಬಿದ್ದುಕೊಂಡಿದ್ದಳು. ಅಂದಿನಿಂದ ನಾನು ಹೊರಗಡೆಯಿಂದ ಬೀಗ ಹಾಕಿಕೊಂಡು ಹೋಗತೊಡಗಿದೆ. ಪಕ್ಕದ ಮನೆಯಾಕೆಯ ಹತ್ತಿರ ಇನ್ನೊಂದು ಕೀಲಿ ಇತ್ತು. ಮಧ್ಯಾಹ್ನ ಆಕೆ ಬಂದು ತಟ್ಟೆಗೆ ಬಡಿಸಿಟ್ಟು, ಎರಡು ಮಾತಾಡಿ ಹೋಗುತ್ತಿದ್ದಳು.

ಹೆತ್ತ ತಾಯಿಯನ್ನು ಕೂಡಿಹಾಕಿ ಹೋಗುವವಳು ಎಂದು ಬೀದಿಯಲ್ಲಿ ಒಂದಿಬ್ಬರು ಆಡಿಕೊಂಡದ್ದು ಕಿವಿಗೆ ಬಿದ್ದಿತ್ತು. ಆಡಿಕೊಳ್ಳಲಿ. ಬೀಗ ಬೀಳುತ್ತಿದ್ದದ್ದು ಅವಳಿಗೆ, ಆದರೆ ಆ ಕೀಲಿ ದಿನವಿಡೀ ತೂಗುತ್ತಿದ್ದದ್ದು ನನ್ನ ಕೊರಳಲ್ಲಿ. ಬೆಳಿಗ್ಗೆ ಐದಕ್ಕೆ ಏಳು, ಅವಳನ್ನು ಎಬ್ಬಿಸು, ತೊಳೆ, ತಿನ್ನಿಸು, ಅಡುಗೆ ಮುಚ್ಚಿಡು, ಎಂಟೂ ಹತ್ತರ ಬಸ್ಸಿಗೆ ಓಡು. ಸಂಜೆ ಬಸ್ಸು ತಡವಾದರೆ ಎದೆ ಡವಡವ. ಅಮಾವಾಸ್ಯೆ ಬಂತೆಂದರೆ ಬೆಟ್ಟದ ದೇವರಿಗೆ ಹೋಗುವ ಜನ ಬಸ್ಸಿನ ತುಂಬ, ಬಾಗಿಲಲ್ಲಿ ನೇತಾಡಿಕೊಂಡಾದರೂ ಬರಲೇಬೇಕು. ಭಾನುವಾರ ಅವಳ ತಲೆಗೆ ನೀರು ಹಾಕುವ ದಿನ. ನಾಲ್ಕು ವರ್ಷದಲ್ಲಿ ನಾನು ಒಂದು ಮದುವೆಗೆ ಪೂರ್ತಿ ಕೂತು ಉಂಡಿಲ್ಲ. ಕೋಪ ಬರುತ್ತಿತ್ತು. ಬಂದ ಕೋಪವನ್ನು ಯಾರ ಮೇಲೆ ತೀರಿಸಿಕೊಳ್ಳುವುದು ಅಂತ ಗೊತ್ತಾಗದೆ ಪಾತ್ರೆಗಳನ್ನು ಕುಕ್ಕುತ್ತಿದ್ದೆ. ಅವ್ವನಿಗೆ ಕಿವಿ ಮಂದ. ಆದರೂ ಪಾತ್ರೆ ಕುಕ್ಕಿದ್ದು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ನನಗೆ ಒಬ್ಬ ಅಣ್ಣ. ಯಳಂದೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಒಳ್ಳೆಯವನೇ. ಫೋನಿನಲ್ಲಿ ಅವನಷ್ಟು ಒಳ್ಳೆಯವರು ಇನ್ನೊಬ್ಬರಿಲ್ಲ. ಬಾ ಎಂದರೆ ಮಾತ್ರ ‘ಸೀಜನ್ ಕಣವ್ವ’ ಎನ್ನುತ್ತಾನೆ. ಬಿತ್ತನೆ ಸೀಜನ್, ನಾಟಿ ಸೀಜನ್, ಕೊಯ್ಲು ಮುಗಿದ ಮೇಲೆ ಬಾಕಿ ವಸೂಲಿ ಸೀಜನ್. ಹನ್ನೆರಡು ತಿಂಗಳಲ್ಲಿ ಅವನಿಗೆ ಸೀಜನ್ ಅಲ್ಲದ ತಿಂಗಳನ್ನು ನಾನು ಇನ್ನೂ ಕಂಡಿಲ್ಲ.

ಹಾಗಿರುವಾಗ ಮೈಸೂರಿನಿಂದ ಒಂದು ಪತ್ರ ಬಂತು. ಅಚ್ಚುಚಿತ್ರ ಮಾಡುವವರದ್ದೇ ಒಂದು ಶಿಬಿರ, ಹದಿನೈದು ದಿನ. ಅಲ್ಲಿ ದೊಡ್ಡ ಪ್ರೆಸ್ ಇದೆ, ಹಳೆಯ ಕಾಲದ್ದು, ಎರಡು ಆಳಿನಷ್ಟು ತೂಕದ ಉಕ್ಕಿನ ಉರುಳೆ. ಅಂಥದ್ದನ್ನು ನಾನು ಕಾಲೇಜು ಬಿಟ್ಟ ಮೇಲೆ ಮುಟ್ಟಿರಲಿಲ್ಲ. ಯಾರೋ ಹಳೆಯ ಗೆಳತಿ ನನ್ನ ಹೆಸರು ಹೇಳಿದ್ದಳು. ಬರುತ್ತೀರೋ ಇಲ್ಲವೋ ಶನಿವಾರದೊಳಗೆ ತಿಳಿಸಿ ಎಂದಿತ್ತು. ಪತ್ರವನ್ನು ಬ್ಲೌಸಿನೊಳಗೆ ಇಟ್ಟುಕೊಂಡು ಎರಡು ದಿನ ಓಡಾಡಿದೆ, ಹದಿನಾರರ ಹುಡುಗಿ ಪ್ರೇಮಪತ್ರ ಇಟ್ಟುಕೊಂಡ ಹಾಗೆ. ನಗು ಬರುತ್ತದೆ ಈಗ.

ಅಣ್ಣನಿಗೆ ಫೋನು ಮಾಡಿದೆ. ಸೀಜನ್. ಅವ್ವನ ಕಿವಿಯ ಹತ್ತಿರ ಕೂತು ಪತ್ರ ಓದಿ ಹೇಳಿದೆ. ಹದಿನೈದೇ ದಿನ, ಅಣ್ಣನ ಮನೆಯಲ್ಲಿ ಇದ್ದು ಬಾ, ಅವನನ್ನು ಹೇಗಾದರೂ ಒಪ್ಪಿಸುತ್ತೇನೆ ಅಂದೆ.

“ನಾನು ಯಳಂದೂರ್ಗೆ ಬರಾಕಿಲ್ಲ,” ಅಂದಳು.

ಯಳಂದೂರು ಅವಳ ತವರು. ಹೊಳೆ ನೀರಿನ ಗದ್ದೆಯ ಅನ್ನ ತಿಂದು ಬೆಳೆದವಳನ್ನು ಲೊಕ್ಕನಹಳ್ಳಿಯ ಒಣಭೂಮಿಗೆ ಕೊಟ್ಟರು. ಅಲ್ಲಿ ಹೊಲಕ್ಕೆ ನುಗ್ಗುವ ಹಂದಿ ಆನೆ ಕಾಯುತ್ತಾ ಅರ್ಧ ಆಯುಸ್ಸು ಕಳೆದಳು. ಅಪ್ಪ ನಮ್ಮ ಓದಿಗೆಂದು ಹನೂರಿನಲ್ಲಿ ಈ ಮನೆ ಕಟ್ಟಿಸಿದ ಮೇಲೂ ಯಳಂದೂರಿನ ಮಾತೆತ್ತದೆ ಒಂದು ದಿನ ಮುದ್ದೆ ಮುರಿದವಳಲ್ಲ. ಈಗ ಅಲ್ಲಿಗೆ ಹೋಗು ಅಂದರೆ ಬೇಡ.

“ಯಾಕೆ?”

“ಉಟ್ಟಿದೂರ್ಗೆ ಕಾಲ್ ಮುರ್ಕಂಡು ಓಗಾಕಿಲ್ಲ ಕಣೇ. ನನ್ನ ಓರ್ಗೆಯೋರೆಲ್ಲಾ ಬೀದೀಲಿ ಓಡಾಡ್ಕಂಡವ್ರೆ. ಈ ಕಬ್ಬಿಣದ ಕತ್ತೆ ಇಡ್ಕಂಡು ಅವ್ರ ಮುಂದೆ ನಿಂತ್ಕಳ್ಳಾ? ನೀನ್ ಓಗು. ಯಾರ್ ಬ್ಯಾಡ ಅಂದೋರು?”

ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ‘ನೀನ್ ಓಗು’ ಅನ್ನುವ ಆ ಮಾತಿದೆಯಲ್ಲ, ಅದಕ್ಕಿಂತ ಗಟ್ಟಿಯಾದ ಬೀಗ ಯಾವ ಕಂಪನಿಯೂ ಮಾಡಿಲ್ಲ.

ಆ ವಾರ ನಾನು ಅವಳ ಮುಖ ಕೆತ್ತಿದೆ. ಸಂಜೆ ಅಡುಗೆ ಮುಗಿಸಿ ಅವಳ ಮಂಚದ ಕಾಲ ಬಳಿ ಕೂತು, ತೊಡೆಯ ಮೇಲೆ ಪ್ಲೈವುಡ್ ಹಲಗೆ ಇಟ್ಟುಕೊಂಡು, ಅವಳನ್ನು ನೋಡಿ ನೋಡಿ ನೇರ ಅದರ ಮೇಲೆ ಬರೆದೆ, ಆಮೇಲೆ ಉಳಿ ಹಿಡಿದೆ. ಬೇರೆ ಏನನ್ನು ಕೆತ್ತಲಿ? ನನಗೆ ಸಿಕ್ಕುತ್ತಿದ್ದ, ಎದ್ದು ಓಡಿಹೋಗಲಾರದ ಮುಖ ಅದೊಂದೇ. ಮರ ಕೆತ್ತುವಾಗ ಕೈಯಲ್ಲಿ ಕೋಪವಿದ್ದರೆ ಗೆರೆ ಆಳವಾಗುತ್ತದೆ. ಬಾಯಿಯ ಸುತ್ತಲಿನ ಸುಕ್ಕುಗಳನ್ನು ನಾನು ಕೆತ್ತಿದ್ದು ಅವಳು ಗೋಡೆಗೆ ತಿರುಗಿ ಮಲಗಿದ ಮರುದಿನ. ಹಣೆಯ ಗೆರೆಗಳು ಅಣ್ಣ ಸೀಜನ್ ಅಂದ ದಿನದವು. ಕಣ್ಣುಗಳಿಗೆ ಮಾತ್ರ ಮೂರು ಸಂಜೆ ಹಿಡಿಯಿತು. ಕಣ್ಣು ಕೆತ್ತುವಾಗ ಅವಳು ನನ್ನನ್ನೇ ನೋಡುತ್ತಿದ್ದಳು, ಆ ಹೊತ್ತಿನಲ್ಲಿ ಕೋಪ ಮಾಡಿಕೊಂಡಿರುವುದು ಕಷ್ಟ.

“ಏನ್ ಕೆರೀತಿದ್ದೀಯೇ ಆಗಿಂದ, ಇಲಿ ತರ,” ಅಂದಳು ಒಮ್ಮೆ.

“ನಿನ್ನ ಮೂತಿ ಕೆರೀತಿದೀನಿ.”

“ಕೆರಿ ಕೆರಿ. ಆ ಬಲಗಡೆ ಮಚ್ಚೆ ಬುಡಬ್ಯಾಡ. ನಮ್ಮಪ್ಪಂಗೂ ಅಲ್ಲೇ ಇತ್ತು.”

ಬಿಡಲಿಲ್ಲ. ಬಲಗೆನ್ನೆಯ ಮಚ್ಚೆ ಬಲಗೆನ್ನೆಯಲ್ಲೇ ಕೆತ್ತಿದೆ. ಹಲಗೆಯಲ್ಲಿ ಬಲಕ್ಕಿದ್ದದ್ದು ಕಾಗದಕ್ಕೆ ಬರುವಾಗ ಎಡಕ್ಕೆ ಬರುತ್ತದೆ, ಕನ್ನಡಿಯಲ್ಲಿ ಆಗುವ ಹಾಗೆ. ಕಲಿತವರು ಅದಕ್ಕೆ ಮೊದಲೇ ಚಿತ್ರವನ್ನು ತಿರುಗಿಸಿ ಬರೆದುಕೊಳ್ಳುತ್ತಾರೆ. ನಾನು ಕಲಿತವಳೇ, ಆದರೆ ಆ ವಾರ ನನ್ನ ತಲೆ ನೆಟ್ಟಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವ್ವನಿಗೆ ತಿಂಡಿ ಕೊಟ್ಟು ಮಲಗಿಸಿದ ಮೇಲೆ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ತಡೆಯಲಾಗಲಿಲ್ಲ. ಹಲಗೆಗೆ ಶಾಯಿ ಬಳಿದು, ಕಾಗದ ಹಾಸಿ, ಸಾರು ತಿರುಗಿಸುವ ಮರದ ಸೌಟಿನ ಬೆನ್ನಿನಿಂದ ಉಜ್ಜಿ ಉಜ್ಜಿ ಒಂದು ಅಚ್ಚು ತೆಗೆದೆ. ಪ್ರೆಸ್ಸಿಲ್ಲದವರಿಗೆ ಸೌಟೇ ಪ್ರೆಸ್ಸು. ಕಾಗದ ಎತ್ತಿದರೆ ಅವ್ವ. ದಿನಪತ್ರಿಕೆಯ ಪುಟದಷ್ಟು ದೊಡ್ಡ ಅವ್ವ, ಕಪ್ಪು ಬಿಳುಪು. ಅಚ್ಚುಚಿತ್ರವನ್ನು ದೂರದಿಂದ ನೋಡಬೇಕು. ನಮ್ಮ ಮನೆಯೊಳಗೆ ಅಷ್ಟು ದೂರ ಎಲ್ಲಿದೆ? ತೆಗೆದುಕೊಂಡು ಹೋಗಿ ಬಾಗಿಲ ಪಕ್ಕದ ಹೊರಗೋಡೆಯಲ್ಲಿ ತೋರಣ ಕಟ್ಟುವ ಎರಡು ಮೊಳೆಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ, ಬೀದಿ ದಾಟಿ ಆಚೆ ಬದಿಗೆ ನಿಂತು ನೋಡಿದೆ.

ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ, ತುಂಬಾ ಚೆನ್ನಾಗಿತ್ತು. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿತು. ಅವತ್ತು ಐದು ನಿಮಿಷ ಮುಂಚೆಯೇ ಬಂದಿತ್ತು, ಬೇಕಾದ ದಿನ ಎಂದೂ ಬಾರದ ಬಸ್ಸು. ಬೀಗ ಹಾಕಿ ಬ್ಯಾಗು ಎಳೆದುಕೊಂಡು ಓಡಿದೆ. ಪಟ ಅಲ್ಲೇ ಉಳಿಯಿತು. ಪಕ್ಕದ ಮನೆಯಾಕೆ ಅವತ್ತು ಮಗಳ ಸೀಮಂತಕ್ಕೆ ಹೋಗುತ್ತಾಳೆಂದು ಮಧ್ಯಾಹ್ನದ ಊಟವನ್ನೂ ಮಂಚದ ಪಕ್ಕದಲ್ಲೇ ಮುಚ್ಚಿಟ್ಟಿದ್ದೆ.

ಇನ್ನು ಬೀದಿಯವರ ಕಣ್ಣಿನಿಂದ ನೋಡಿ. ಬಾಗಿಲಿಗೆ ಬೀಗ. ಪಕ್ಕದ ಮನೆಗೂ ಬೀಗ. ಗೋಡೆಯ ಮೇಲೆ ಮುದುಕಿಯ ಕಪ್ಪು ಬಿಳುಪು ಪಟ. ಹೆಣವನ್ನು ಲೊಕ್ಕನಹಳ್ಳಿಯ ಹೊಲಕ್ಕೆ ಮಣ್ಣು ಮಾಡಲು ಸಾಗಿಸಿದ್ದಾರೆ ಅನ್ನದೆ ಬೇರೆ ಏನು ಅಂದಾರು? ಯಾರೋ ಪುಣ್ಯಾತ್ಮರು ಅದರ ಫೋಟೊ ಹೊಡೆದು ‘ಓಂ ಶಾಂತಿ’ ಎಂದು ಬರೆದು ವಾಟ್ಸಾಪಿಗೆ ಹಾಕಿದರು. ಅದು ಹನ್ನೊಂದು ಗಂಟೆಯ ಹೊತ್ತಿಗೆ ಯಳಂದೂರು ಮುಟ್ಟಿತ್ತು. ಸ್ಕೂಲಿನಲ್ಲಿ ನನ್ನ ಫೋನು ಸದ್ದಿಲ್ಲದೆ ಬೀರುವಿನಲ್ಲಿಟ್ಟ ಬ್ಯಾಗಿನಲ್ಲಿತ್ತು.

ನಾನು ಎಂಟನೇ ಕ್ಲಾಸಿಗೆ ಹೂಜಿ ಬರೆಯುವುದನ್ನು ಹೇಳಿಕೊಡುತ್ತಿದ್ದೆ. ಹನೂರಿನಿಂದಲೇ ಬರುವ ವಿಜ್ಞಾನದ ಮಾಸ್ತರು ಬಾಗಿಲಲ್ಲಿ ಬಂದು ನಿಂತರು. ಮುಖ ಬಾಡಿತ್ತು.

“ಮೇಡಂ, ಧೈರ್ಯ ತಂದ್ಕೊಳ್ಳಿ. ತಾಯಿಯವರು ಹೋಗ್ಬಿಟ್ರಂತೆ. ಊರಿಂದ ಮೆಸೇಜ್ ಬಂದಿದೆ.”

ಅವರೇ ನನ್ನ ಬ್ಯಾಗು ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಕರೆತಂದು ಕಿಟಕಿ ಪಕ್ಕ ಕೂರಿಸಿದರು. ಬೀಗ ಹಾಕಿದ ಮನೆಯೊಳಗೆ ಒಬ್ಬಳೇ ಸತ್ತಳು ಅನ್ನುವುದೊಂದೇ ತಲೆಯಲ್ಲಿತ್ತು.

ಬಸ್ಸು ಕೊಳ್ಳೇಗಾಲ ಬಿಟ್ಟಿತು. ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ನಾಚಿಕೆ. ಆದರೂ ಬರೆಯುತ್ತೇನೆ. ಕಣ್ಣಲ್ಲಿ ನೀರು ಬರುತ್ತಿತ್ತು, ನಿಜವಾದ ನೀರೇ. ಆದರೆ ಅದರ ಕೆಳಗೆ, ಎದೆಯಲ್ಲಿ, ಏನೋ ಸಡಿಲವಾಯಿತು. ನಾಲ್ಕು ವರ್ಷ ಬಿಗಿದುಕೊಂಡಿದ್ದ ಗಂಟು ತಾನಾಗಿ ಬಿಚ್ಚಿಕೊಂಡಿತು. ನಾಳೆ ಐದಕ್ಕೆ ಏಳಬೇಕಿಲ್ಲ ಅನ್ನಿಸಿತು. ಶಿಬಿರಕ್ಕೆ ಇನ್ನೂ ಎರಡು ವಾರ ಇದೆ, ಅಷ್ಟರಲ್ಲಿ ತಿಥಿ ಮುಗಿದಿರುತ್ತದೆ ಎಂದು ಬೆರಳಲ್ಲಿ ಎಣಿಸಿದೆ. ಹೌದು, ಎಣಿಸಿದೆ. ಬ್ಯಾಗಿನ ಮರೆಯಲ್ಲಿ ನನ್ನ ಬೆರಳುಗಳು ಎಣಿಸಿದವು.

ಆಮೇಲೆ ಅಣ್ಣನಿಗೆ ಹೇಳಬೇಕಲ್ಲ ಎಂದು ಫೋನು ತೆಗೆದೆ. ಅವನದ್ದೇ ಇಪ್ಪತ್ತಕ್ಕೂ ಹೆಚ್ಚು ಕರೆ. ಅದರ ಕೆಳಗೆ ಯಾರೋ ಕಳಿಸಿದ ಫೋಟೊ. ತೆರೆದರೆ ನನ್ನ ಅಚ್ಚು. ನನ್ನ ಕ್ಲಿಪ್ಪು, ನನ್ನ ಮೊಳೆ, ನನ್ನ ಮನೆ ಗೋಡೆ, ಕೆಳಗೆ ‘ಓಂ ಶಾಂತಿ’ ಮತ್ತು ಎರಡು ಕೈ ಮುಗಿದ ಗೊಂಬೆ. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವ್ವ ಸತ್ತಿಲ್ಲ. ನಾನೇ ಸಾಯಿಸಿ ಗೋಡೆಗೆ ಸಿಕ್ಕಿಸಿ ಬಂದಿದ್ದೇನೆ. ಬಿಚ್ಚಿಕೊಂಡಿದ್ದ ಗಂಟು ಮತ್ತೆ ಬಿಗಿಯಿತು, ಮೊದಲಿಗಿಂತ ಬಿಗಿಯಾಗಿ. ಅವ್ವ ಬದುಕಿದ್ದಾಳೆ ಅನ್ನುವ ಸಂತೋಷಕ್ಕೆ ಮೊದಲು ಬಂದದ್ದು ಅದು.

ಅಣ್ಣನಿಗೆ ಕರೆ ಮಾಡಿದೆ. ಎತ್ತಿದವನೇ ಹೋ ಎಂದು ಅಳತೊಡಗಿದ. “ನಾವು ಬರಗಂಟ ಮಣ್ಣು ಮಾಡ್ಬ್ಯಾಡ್ರಿ, ಟೆಂಪೋ ಮಾಡ್ಕಂಡು ಬತ್ತಾವ್ನಿ, ಚಿಕ್ಕವ್ವನೂ ಅವ್ಳೆ,” ಅನ್ನುವಷ್ಟರಲ್ಲಿ ಲೈನು ಕಟ್ಟಾಯಿತು. ಮತ್ತೆ ಮಾಡಬಹುದಿತ್ತು. ಮಾಡಲಿಲ್ಲ. ನಾಲ್ಕು ವರ್ಷದಿಂದ ಬಾರದವನು ಬರುತ್ತಿದ್ದಾನೆ, ಬರಲಿ ಅಂತ ಫೋನನ್ನು ಬ್ಯಾಗಿಗೆ ಹಾಕಿದೆ. ನಾನು ಅಂಥ ಒಳ್ಳೆಯವಳೇನಲ್ಲ.

ಬೀದಿಗೆ ಕಾಲಿಟ್ಟಾಗ ಟೆಂಪೋ ನನಗಿಂತ ಮುಂಚೆ ಬಂದು ನಿಂತಿತ್ತು. ಅದರಲ್ಲಿ ಚಟ್ಟಕ್ಕೆ ಬಿದಿರು, ಸೇವಂತಿಗೆ ಹಾರ, ಹೊಸ ಸೀರೆ, ವಿಭೂತಿ. ಅವ್ವನ ತಂಗಿ, ಅಂದರೆ ನಮ್ಮ ಚಿಕ್ಕವ್ವ, ಪಟದ ಮುಂದೆ ಕೂತು ಎದೆ ಬಡಿದುಕೊಂಡು ಹಾಡಿ ಹಾಡಿ ಅಳುತ್ತಿದ್ದಳು. ಬೀದಿಯವರು ಸುತ್ತ ನಿಂತಿದ್ದರು. ಅಣ್ಣ ಬೀಗ ಹಿಡಿದು ಜಗ್ಗುತ್ತಿದ್ದ. ಇದ್ದಕ್ಕಿದ್ದಂತೆ ಬಾಗಿಲ ಒಳಗಿನಿಂದ ಯಾರೋ ದಬದಬ ಬಡಿದರು. ಅಣ್ಣ ಬೀಗ ಬಿಟ್ಟು ಹಾರಿ ಬೀದಿಗೆ ಬಿದ್ದ. ಚಿಕ್ಕವ್ವ ಅಳು ನಿಲ್ಲಿಸಿದಳು.

ನಾನು ಜನರನ್ನು ತಳ್ಳಿಕೊಂಡು ಹೋಗಿ ಕೀಲಿ ತಿರುಗಿಸಿದೆ. ಅವ್ವ ಬಾಗಿಲ ಹಿಂದೆ ನೆಲದ ಮೇಲೆ ಕೂತಿದ್ದಳು. ವಾಕರ್ ಪಕ್ಕದಲ್ಲಿ ಉರುಳಿತ್ತು. ಮಂಚದಿಂದ ಬಾಗಿಲವರೆಗೆ ತೆವಳಿಕೊಂಡು ಬಂದಿದ್ದಳು, ಮೊಣಕೈ ತರಚಿ ರಕ್ತ ಬಂದಿತ್ತು. ನನ್ನನ್ನು ನೋಡಿದವಳೇ ಎರಡು ಕೈಯಿಂದ ನನ್ನ ಕಾಲು ಬಾಚಿ ಹಿಡಿದುಕೊಂಡಳು.

“ಬದ್ಕಿದ್ದೀಯಾ ಮಗಾ? ಬದ್ಕಿದ್ದೀಯಾ? ಬಸ್ಸಿಗೆ ಗಿಸ್ಸಿಗೆ ಸಿಕ್ಬುಟ್ಟೆ ಅಂದ್ಕಂಡೆ ಕಣೇ. ನನ್ ತಂಗಿ ನಮ್ ಬಾಗ್ಲಲ್ಲಿ ಅಳ್ತಾವ್ಳೆ, ನಾನ್ ಒಳ್ಗೆ ಇದೀನಿ, ಇನ್ ಯಾರ್ ಸತ್ತಿದ್ದಾರು?”

ಮಗಳು ಸತ್ತಳೆಂದು ತಿಳಿದು ಅವಳು ಸೊಂಟದ ರಾಡನ್ನೂ ಲೆಕ್ಕಿಸದೆ ನೆಲದ ಮೇಲೆ ತೆವಳಿ ಬಂದಿದ್ದಳು. ಅವ್ವ ಸತ್ತಳೆಂದು ತಿಳಿದು ನಾನು ಬಸ್ಸಿನಲ್ಲಿ ಕೂತು ದಿನ ಎಣಿಸಿದ್ದೆ. ಅವಳ ತಲೆಯ ಮೇಲೆ ಕೈಯಿಟ್ಟು ನಾನು ಅತ್ತೆ. ಅವತ್ತು ಎಲ್ಲರಿಗಿಂತ ಜೋರಾಗಿ ಅತ್ತವಳು ನಾನೇ.

ಅಳು ಇಳಿದ ಮೇಲೆ ಬೈಗುಳ ಶುರುವಾಯಿತು. ಮಣ್ಣು ಕೊಡವಿಕೊಂಡು ಬಂದ ಅಣ್ಣನೇ ಮೊದಲಿಗ.

“ಬದ್ಕಿರೋರ ಪಟ ಯಾರಾದ್ರೂ ಗ್ವಾಡೆಗೆ ಆಕ್ತಾರೇನೇ? ಬುದ್ದಿ ನೆಟ್ಟಗದ್ದಾ ನಿಂಗೆ? ಯಾವಾಗ ಸತ್ತಾಳೋ ಅಂತ ಕಾಯ್ತಾ ಕುಂತಿದ್ದೀಯಾ?”

ಬೇರೆ ದಿನವಾಗಿದ್ದರೆ ಅವನ ಏಳು ಜನ್ಮ ಜಾಲಾಡುತ್ತಿದ್ದೆ. ಅವತ್ತು ತಲೆ ತಗ್ಗಿಸಿ ನಿಂತೆ. ಅಣ್ಣನ ಜೊತೆ ಟೆಂಪೋದಲ್ಲಿ ಬಂದಿದ್ದ ಅತ್ತಿಗೆ ಸೇರಿಕೊಂಡಳು, ಬೀದಿಯವರೂ ಒಂದೊಂದು ಮಾತು ಎಸೆದರು. ಅವ್ವ ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಾ ನನ್ನನ್ನೇ ನೋಡುತ್ತಿದ್ದಳು. ಏನಾಗಿದೆ ಎಂದು ಅಷ್ಟರಲ್ಲಿ ಚಿಕ್ಕವ್ವ ಅವಳ ಕಿವಿಗೆ ಕೂಗಿ ಹೇಳಿದ್ದಳು. ಲೋಟ ಕೆಳಗಿಟ್ಟು ಹೇಳಿದಳು:

“ಅವಳ್ನ ಬಯ್ಬ್ಯಾಡಿ. ಕಾಗೆ ಮುಟ್ತು ನನ್ನ. ನಾನೇ ಅವ್ಳಿಗೆ ಪಟ ಆಕು, ಸುದ್ದಿ ಓಗ್ಲಿ ಅಂದಿದ್ದು.”

ಒಂದೇ ಮಾತಿಗೆ ಎಲ್ಲರ ಬಾಯಿ ಬಂದಾಯಿತು.

ಕಾಗೆ ತಲೆಯ ಮೇಲೆ ಕೂತರೆ ಸಾವು ಹತ್ತಿರ ಎಂದು ನಮ್ಮಲ್ಲಿ ಲೆಕ್ಕ. ಅದಕ್ಕೊಂದು ಪರಿಹಾರವೂ ಇದೆ. ಮುಟ್ಟಿಸಿಕೊಂಡವರು ಸತ್ತರೆಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅಳಬೇಕು. ಅತ್ತ ಕಣ್ಣೀರಿನಲ್ಲಿ ದೋಷ ಕಳೆದುಹೋಗುತ್ತದೆ. ಹಾಗೆ ಅತ್ತವರು ಆಮೇಲೆ ಸಿಟ್ಟಾಗುವ ಹಾಗಿಲ್ಲ, ಅದು ಅವರು ಕೊಟ್ಟ ಆಯುಸ್ಸು. ನಾಲ್ಕು ವರ್ಷದಿಂದ ಹೊಸ್ತಿಲು ದಾಟದವಳ ತಲೆಯ ಮೇಲೆ ಕಾಗೆ ಎಲ್ಲಿಂದ ಬಂದು ಕೂತಿತು ಎಂದಾಗಲಿ, ಅವಳೇ ಹಾಕಿಸಿದ ಪಟವಾದರೆ ಯಾರು ಸತ್ತರೆಂದು ತೆವಳಿ ಬಂದದ್ದೇಕೆ ಎಂದಾಗಲಿ ಒಬ್ಬರೂ ಕೇಳಲಿಲ್ಲ.

ಚಿಕ್ಕವ್ವ ಕಣ್ಣೊರೆಸಿಕೊಂಡು ಅಕ್ಕನ ಕೆನ್ನೆ ಸವರಿದಳು. “ಅಂಗಾರೆ ಆಯ್ತು ಬುಡಕ್ಕ. ಇಷ್ಟು ಜನ ಅತ್ತಿದ್ದೀವಿ. ಇನ್ನತ್ತು ವರ್ಸ ನೀನ್ ಅಲ್ಲಾಡಾಕಿಲ್ಲ.”

“ಅತ್ತಲ್ಲ, ಅದ್ನೈದು,” ಎಂದ ಟೆಂಪೋದವನು.

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಹತ್ತು ವರ್ಷ. ಐದಕ್ಕೆ ಏಳು, ಎಬ್ಬಿಸು, ತೊಳೆ, ಬೀಗ, ಬಸ್ಸು, ಬೀಗ. ಹತ್ತು ವರ್ಷಕ್ಕೆ ನನಗೆ ಐವತ್ತೇಳು. ನನ್ನ ಮುಖ ಹೇಗಾಯಿತೋ ನನಗೆ ಗೊತ್ತಿಲ್ಲ. ನಗುವವರ ಮಧ್ಯೆ ಅವ್ವನೊಬ್ಬಳು ನಗದೆ ನನ್ನ ಕಡೆ ನೋಡುತ್ತಿದ್ದಳು.

ಬಂದವರಿಗೆಲ್ಲ ಹೊಟ್ಟೆ ಖಾಲಿ. ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಕೆದಕಿದೆ. ಶಾಯಿ ತಾಗಿದ್ದ ಸೌಟು ಪಕ್ಕಕ್ಕಿಟ್ಟು ಬೇರೆ ಸೌಟು ಹುಡುಕಿದೆ. ತಿನ್ನುತ್ತಿದ್ದ ಅಣ್ಣನನ್ನು ಅವ್ವ ಕರೆದಳು. ಆ ಪಟ ತಂದು ತೋರಿಸು ಅಂದಳು. ತಂದು ಹಿಡಿದ. ಮಗಳು ಕೆತ್ತಿದ ತನ್ನ ಮುಖವನ್ನು ಅವಳು ನೋಡಿದ್ದು ಆಗಲೇ. ಬಹಳ ಹೊತ್ತು ನೋಡಿದಳು.

“ನನ್ ಮಚ್ಚೆ ಯಾವ ಕಡೀಕಪ್ಪಾ ಇರಾದು?” ಎಂದು ಅಣ್ಣನನ್ನು ಕೇಳಿದಳು.

ಅಣ್ಣ ಪಟ ನೋಡಿ ಎಡಗಡೆ ಎಂದ.

ಅವ್ವ ತನ್ನ ಬಲಗೆನ್ನೆ ತಿರುಗಿಸಿ ತೋರಿಸಿದಳು. “ನೋಡ್ಕೊ. ಮರ್ತೋಗದೆ ನಿಂಗೆ. ಸತ್ತೋಳ್ನ ಒತ್ಕಂಡು ಓಗಾಕೆ ಟೆಂಪೋ ತಂದಿದ್ದೀಯಲ್ಲ, ಬದ್ಕಿರೋಳ್ನೇ ಒತ್ಕಂಡು ಓಗು. ಕಾಗೆ ಮುಟ್ಟಿದೋಳು ಅದೇ ಸೂರ್ನಡಿ ಇರಬಾರ್ದು, ಅದ್ನೈದು ದಿನ.”

ಇಂಥದ್ದೊಂದು ಶಾಸ್ತ್ರವನ್ನು ನಾನು ಯಾವ ಊರಿನಲ್ಲೂ ಕೇಳಿಲ್ಲ. ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಆದರೆ ಅಷ್ಟು ಜನದ ಮುಂದೆ ಸೀಜನ್ ಎನ್ನುವ ಧೈರ್ಯ ಅಣ್ಣನಿಗೂ ಬರಲಿಲ್ಲ. ಹದಿನೈದು ಅನ್ನುವ ಲೆಕ್ಕ ಎಲ್ಲಿಯದು ಎಂದು ನನಗೊಬ್ಬಳಿಗೆ ಗೊತ್ತಿತ್ತು. ಶಿಬಿರ ಎರಡು ವಾರ ಬಿಟ್ಟು ಎಂದು ಅವಳ ಕಿವಿಯಲ್ಲಿ ಹೇಳಿದೆ. “ಅಂಗಾರೆ ಅಲ್ಲೀಗಂಟ ಇದ್ದು, ಆಮ್ಯಾಕೆ ಲೆಕ್ಕ ಇಟ್ಕಂಡ್ರಾಯ್ತು,” ಅಂದಳು. ಒಂದು ತಿಂಗಳಿಗೆ ಮಗನ ಮನೆ ಹತ್ತಿದಳು.

ಬಿದಿರು ತೆಗೆದು ಹಾಕಿ, ಟೆಂಪೋದಲ್ಲಿ ಹಾಸಿಗೆ ಹಾಸಿ ಅವಳನ್ನು ಎತ್ತಿ ಕೂರಿಸಿದೆವು. ಕಬ್ಬಿಣದ ಕತ್ತೆಯೂ ಏರಿತು. ಹುಟ್ಟಿದೂರಿನ ಬೀದಿಯಲ್ಲಿ ಅದನ್ನು ಹಿಡಿದು ನಿಲ್ಲಲಾರೆ ಅಂದಿದ್ದವಳು. ಹೊದಿಕೆ ಸರಿಮಾಡಲು ನಾನು ಬಗ್ಗಿದಾಗ ನನ್ನ ಗಲ್ಲ ಹಿಡಿದುಕೊಂಡಳು.

“ಅತ್ತು ವರ್ಸ ಅಂದಾಗ ನಿನ್ ಮೊಕ ನೋಡ್ದೆ ಕಣವ್ವ.”

“ಅವ್ವಾ…”

“ಏನೂ ಏಳಬ್ಯಾಡ. ನಾನೂ ನಮ್ಮತ್ತೆನ ಆರು ವರ್ಸ ನೋಡ್ಕಂಡಿವ್ನಿ. ನಂಗೂ ಒಂದು ಮೊಕ ಇತ್ತು.”

ಟೆಂಪೋ ಹೊರಟಿತು. ನಾನು ಬೀದಿಯಲ್ಲಿ ನಿಂತೇ ಇದ್ದೆ. ಒಳಗೆ ಬಂದು ಅಭ್ಯಾಸಬಲದಿಂದ ಬಾಗಿಲಿಗೆ ಬೀಗ ಹುಡುಕಿದೆ. ಯಾರನ್ನು ಕೂಡಿಹಾಕಲು ಎಂದು ಆಮೇಲೆ ನೆನಪಾಯಿತು.

ಮರುದಿನವೇ ಬರುತ್ತೇನೆಂದು ತಿಳಿಸಿದೆ, ಶಿಬಿರಕ್ಕೆ ಹೋದೆ. ದೊಡ್ಡ ಪ್ರೆಸ್ಸಿನ ಚಕ್ರ ತಿರುಗಿಸಿದೆ, ತೋಳು ನೋಯುವಷ್ಟು ತಿರುಗಿಸಿದೆ. ಹೊಸದೇನಾದರೂ ಕೆತ್ತೋಣವೆಂದು ಹೊಸ ಹಲಗೆ ತೆಗೆದುಕೊಂಡರೆ ಕೈ ಓಡಲಿಲ್ಲ. ಕೊನೆಗೆ ಅವ್ವನ ಹಲಗೆಯನ್ನೇ ಹೊರತೆಗೆದು ಪ್ರೆಸ್ಸಿಗೆ ಇಟ್ಟೆ. ಸೌಟಿನಿಂದ ಬಾರದಿದ್ದ ಸಣ್ಣ ಗೆರೆಗಳೆಲ್ಲ ಎದ್ದು ಬಂದವು. ಅಲ್ಲಿಗೆ ಬಂದಿದ್ದ ಒಬ್ಬ ಹಿರಿಯರು ಅದರ ಮುಂದೆ ನಿಂತು, “ಎಷ್ಟು ಅಕ್ಕರೆಯಿಂದ ಕೆತ್ತಿದ್ದೀರಮ್ಮ,” ಎಂದರು. ಹೌದು ಸಾರ್ ಅಂದೆ. ಬಾಯಿಯ ಸುತ್ತಲಿನ ಗೆರೆಗಳ ವಿಷಯ ಹೇಳಲು ಹೋಗಲಿಲ್ಲ. ಆ ಗೆರೆಗಳಿಲ್ಲದಿದ್ದರೆ ಅದು ಅವ್ವನ ಮುಖವೇ ಆಗುತ್ತಿರಲಿಲ್ಲ ಎಂದು ಅವರು ಹೋದ ಮೇಲೆ ಅನ್ನಿಸಿತು. ದಿನಾ ಬೆಳಿಗ್ಗೆ ಐದಕ್ಕೆ ತಾನಾಗಿ ಎಚ್ಚರವಾಗುತ್ತಿತ್ತು.

ಅವ್ವ ತಿಂಗಳು ಮುಗಿಸಿ ವಾಪಸು ಬಂದಳು. ಅತ್ತಿಗೆ ಸೋತಿದ್ದಳು, ಅಣ್ಣ ತೆಳ್ಳಗಾಗಿದ್ದ. ತವರಿನ ಓರಗೆಯವರೆಲ್ಲ ಬಂದು ನೋಡಿದರಂತೆ, ಅವರಲ್ಲಿ ಇಬ್ಬರಿಗೆ ಇವಳಿಗಿಂತ ದೊಡ್ಡ ವಾಕರ್ ಇದೆಯಂತೆ. ಅದನ್ನು ಹೇಳುವಾಗ ಅವಳಿಗೆ ಬಹಳ ಖುಷಿ. ಆಮೇಲೆ ಮತ್ತೆ ಐದಕ್ಕೆ ಏಳುವುದು, ತೊಳೆಯುವುದು, ಬಸ್ಸು. ಏನೂ ಬದಲಾಗಿಲ್ಲ. ಬೀಗ ಮಾತ್ರ ಬಿಟ್ಟಿದ್ದೇನೆ. ಹೊಸ್ತಿಲಿಗೆ ಮರದ ಇಳಿಜಾರು ಮಾಡಿಸಿದ್ದೇನೆ, ಪಕ್ಕದ ಮನೆಯಾಕೆ ಎರಡು ಹೊತ್ತು ಬಂದು ನೋಡುತ್ತಾಳೆ. ಅವ್ವ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಪಟ ಎಲ್ಲಿಯೂ ತೂಗಿಲ್ಲ, ಅವಳ ಹಾಸಿಗೆಯ ಕೆಳಗೆ ಸುರುಳಿಯಾಗಿದೆ. ಬೇಕಾದಾಗ ನೀನೇ ತೆಗೆದು ಹಾಕು ಎಂದಿದ್ದಾಳೆ.

ಹೋದ ಭಾನುವಾರ ಅವಳ ತಲೆಗೆ ನೀರು ಹಾಕಿ, ಬಿಸಿಲಿಗೆ ಕೂದಲು ಆರಲಿ ಎಂದು ಜಗಲಿಯಲ್ಲಿ ಕೂರಿಸಿದ್ದೆ. ನಾನು ಮೆಟ್ಟಿಲ ಮೇಲೆ ಕೂತು ಹೊಸ ಹಲಗೆಯೊಂದನ್ನು ಉಜ್ಜುತ್ತಿದ್ದೆ. ಬಟ್ಟೆ ಒಣಹಾಕುವ ತಂತಿಯ ಮೇಲೆ ಒಂದು ಕಾಗೆ ಬಂದು ಕೂತಿತು. ಅವಳ ತಲೆಗೂ ತಂತಿಗೂ ಒಂದು ಮೊಳ ಅಂತರ. ನಾನು ತಲೆಯೆತ್ತಿದೆ.

ಅವ್ವ ಅಲುಗಾಡಲಿಲ್ಲ. ನಾಯಿ ಬೆಕ್ಕು ಓಡಿಸಲೆಂದು ಕೈಯಲ್ಲಿಟ್ಟುಕೊಂಡಿದ್ದ ಕೋಲನ್ನೂ ಎತ್ತಲಿಲ್ಲ. ಕಾಗೆಯನ್ನು ಓರೆಗಣ್ಣಲ್ಲಿ ನೋಡಿ, ದನಿ ತಗ್ಗಿಸಿ ಹೇಳಿದಳು:

“ಸುಮ್ಕಿರು, ಓಡಿಸ್ಬ್ಯಾಡ. ಮುಟ್ಲಿ. ನಿಂಗೂ ಇನ್ನೊಂದ್ ಅದ್ನೈದು ದಿನ ಸಿಕ್ತದೆ.”

ಹಲಗೆ ಬಿಸಾಕಿ ಎದ್ದು ಎರಡು ಕೈಯನ್ನೂ ಬೀಸಿ ‘ಹುಶ್’ ಎಂದು ಕೂಗಿದೆ. ಬೀದಿಯವರೆಲ್ಲ ತಿರುಗಿ ನೋಡಿದರು. ಕಾಗೆ ಹಾರಿ ಎದುರು ಮನೆಯ ಟ್ಯಾಂಕಿನ ಮೇಲೆ ಕೂತಿತು. ಅದು ಅಲ್ಲಿಂದಲೂ ಹೋಗುವವರೆಗೆ ನಾನು ಅವ್ವನ ಕುರ್ಚಿಯ ಹಿಂದೆ, ಅವಳ ಒದ್ದೆ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ.